ಅಕ್ಕನ ಬಾಯಿ ಮುಟ್ಟದ ಹಾಳೆ

ಅರವತ್ತೆಂಟು ವರ್ಷದಲ್ಲಿ ನಾನು ಕುಡಿಯುವ ಔಷಧ ಕಂಡಿದ್ದೆ, ನುಂಗುವುದನ್ನು ಕಂಡಿದ್ದೆ, ಚುಚ್ಚಿಸಿಕೊಳ್ಳುವುದನ್ನು ಕಂಡು ಓಡಿಯೂ ಹೋಗಿದ್ದೆ. ಇವು ಯಾವುವೂ ಅಲ್ಲದ ಇನ್ನೊಂದು ತರದ್ದು ಇದೆ ಎಂದು ಗೊತ್ತಾದ ದಿನದಿಂದ ಒಂದರ ಬೆನ್ನಿಗೊಂದು ಆದ ಗಾಬರಿಗಳನ್ನು ಮರೆಯುವ ಮೊದಲೇ ಬರೆದಿಡೋಣವೆಂದು ಕೂತಿದ್ದೇನೆ. ಫೋನಿನಲ್ಲಿ ಕನ್ನಡ ಒತ್ತಲು ಕಲಿತು ತಿಂಗಳೂ ಆಗಿಲ್ಲ. ಒತ್ತಕ್ಷರ ಬಂದಲ್ಲೆಲ್ಲ ಬೆರಳು ತಡವರಿಸುತ್ತದೆ. ಆದರೆ ಇದನ್ನು ಬಾಯಲ್ಲಿ ಹೇಳಲು ಹೋದರೆ ಗಂಟಲು ಕಟ್ಟುತ್ತದೆ. ಬೆರಳಿಗೆ ಆ ತೊಂದರೆಯಿಲ್ಲ.

ನಾನಿರುವುದು ಸಿಂಧನೂರಿನಲ್ಲಿ. ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕನನ್ನು ಕೊಟ್ಟದ್ದು ಮಸ್ಕಿಗೆ. ಅಲ್ಲಿ ಆಕೆಯ ಮಗನಿಗೆ ಬೀಜ ಗೊಬ್ಬರದ ಅಂಗಡಿ, ಮನೆಯಲ್ಲಿ ಸೊಸೆ. ಈ ವರ್ಷ ಅಕ್ಕನ ಎದೆಯಲ್ಲಿ ಒಂದು ಗಂಟು ಕಾಣಿಸಿತು. ನಮ್ಮ ಕಡೆ ಆ ರೋಗದ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ದನಿ ತಗ್ಗಿಸಿ 'ದೊಡ್ಡ ಬ್ಯಾನಿ' ಅನ್ನುತ್ತಾರೆ. ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಗಂಟನ್ನು ಕೊಯ್ದು ತೆಗೆದರು. ಆಮೇಲೆ ಮೂರು ವಾರಕ್ಕೊಮ್ಮೆಯಂತೆ ಆರು ಸಲ ಸಲೈನಿನ ಜೊತೆ ಔಷಧ ಹಾಕಬೇಕು ಅಂದರು. ಆರೂ ಮುಗಿಸಿದರೆ ಅದು ತಿರುಗಿ ಬರದಂತೆ ತಡೆಯಬಹುದು, ನಡುವೆ ಬಿಟ್ಟರೆ ಏನೂ ಹೇಳಲಾಗದು ಎಂದು ಡಾಕ್ಟರು ಅಕ್ಕನ ಎದುರಿಗೇ ಹೇಳಿದ್ದರು.

ಮೊದಲೆರಡು ಸಲ ಆಕೆ ಪಟ್ಟ ಪಾಡು ನೋಡಲಾಗುತ್ತಿರಲಿಲ್ಲ. ಕೂದಲು ಹೋದದ್ದಕ್ಕೆ ಅಕ್ಕ ಒಂದು ಹನಿ ಕಣ್ಣೀರು ಹಾಕಲಿಲ್ಲ. "ಎಣ್ಣಿ ಉಳೀತು ತಗೋ" ಅಂದಳು. ಆದರೆ ವಾಂತಿ ಆಕೆಯನ್ನು ಹಿಂಡಿ ಹಾಕಿತು. ನಿಲ್ಲಲೆಂದು ಕೊಟ್ಟ ಗುಳಿಗೆ ಹೊಟ್ಟೆಗೆ ಇಳಿಯುವುದರೊಳಗೆ ಹೊರಗೆ ಬಂದು ಬೀಳುತ್ತಿತ್ತು. ಅದಕ್ಕೇ ಮೂರನೆಯ ಸಲಕ್ಕೆ ಡಾಕ್ಟರು ಗುಳಿಗೆ ಬಿಡಿಸಿ ಬೇರೊಂದು ಬರೆದುಕೊಟ್ಟಿದ್ದರು. ಅಕ್ಕನ ಮಗ ಅದನ್ನು ಲಿಂಗಸುಗೂರಿನ ಗುರುತಿನ ಅಂಗಡಿಯಿಂದ ಮೊದಲೇ ತರಿಸಿ ಇಟ್ಟಿದ್ದ.

ಮೂರನೆಯದು ಆದ ಮರುದಿನ ಮಧ್ಯಾಹ್ನ ನಾನು ಮಸ್ಕಿಗೆ ಹೋದೆ. ಅಕ್ಕ ಒಳಗೆ ಮಲಗಿದ್ದಳು. ಸೊಸೆ ಪಡಸಾಲೆಯಲ್ಲಿ ಕೂತು ಒಂದು ಡಬ್ಬಿ ತೋರಿಸಿದಳು. ಒಳಗೆ ಚಹಾಪುಡಿಯ ಪುಟ್ಟ ಪಾಕೀಟಿನಂಥವು ಇದ್ದವು. ನಾನು ಒಂದನ್ನು ಮೂಲೆಯಲ್ಲಿ ಹರಿದೆ. ಒಳಗಿನಿಂದ ಪೇಢೆಯ ಮೇಲೆ ಅಂಟಿಸುವ ಬೆಳ್ಳಿ ವರ್ಕಿಗಿಂತ ಚೂರು ದಪ್ಪನೆಯ ಒಂದು ಬಿಳಿ ಹಾಳೆ ಬಂತು. ಉಗುರಿನಷ್ಟು ಅಗಲ. ಪಾಕೀಟನ್ನು ತಲೆಕೆಳಗೆ ಮಾಡಿ ಜಾಡಿಸಿದೆ. ಮತ್ತೇನೂ ಬೀಳಲಿಲ್ಲ.

"ಏನಬೇ ಇದು? ಔಷಧ ಎಲ್ಲೈತಿ?"

"ಇದ ಔಷಧರೀ ಸಣ್ಣತ್ತಿ. ನಾಲಿಗಿ ಮ್ಯಾಲ ಇಟ್ಟರ ಕರಗ್ತೈತಂತ. ನೀರು ಬ್ಯಾಡ, ನುಂಗೂದು ಬ್ಯಾಡ. ವಾಂತಿ ನಿಂದ್ರಾಕ."

"ಕಾಗದ ತಿಂದ್ರ ವಾಂತಿ ನಿಂದ್ರತೈತೇನು? ಹಂಗಿದ್ರ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಹರದು ತಿನಿಸಬೇ ನಿಮ್ಮತ್ತಿಗೆ, ವರ್ಷಾನಗಟ್ಲೆ ಬರ್ತೈತಿ."

ಸೊಸೆ ನಗುವಷ್ಟರಲ್ಲಿ ನಾನು ಆ ಹಾಳೆಯನ್ನು ನನ್ನ ನಾಲಿಗೆಯ ಮೇಲೆ ಇಟ್ಟುಕೊಂಡೆ.

"ಅಯ್ಯ ಅಯ್ಯ ಸಣ್ಣತ್ತಿ! ಅದು ಅತ್ತೀದ್ರೀ!"

"ನಿಮ್ಮತ್ತಿ ಪಾಲಿಂದು ಏನೇನು ಕದ್ದು ತಿಂದೀನಿ ಅಂತ ನಿನಗೇನು ಗೊತ್ತು. ಔಷಧ ಒಂದು ಬಾಕಿ ಇತ್ತು."

ಹೀಗೆ ಹೇಳಿ ಬಾಯಿ ಮುಚ್ಚುವುದರೊಳಗೆ ಹಾಳೆ ಇರಲಿಲ್ಲ. ಪೆಪ್ಪರಮೆಂಟಿನ ತಂಪು ಒಮ್ಮೆ ಹಾದು ಹೋಯಿತು, ಅಷ್ಟೆ. ಅಂಗುಳಿನಲ್ಲಿ ಹುಡುಕಿದೆ, ದವಡೆಯ ಸಂದಿಯಲ್ಲಿ ಹುಡುಕಿದೆ. ಎದ್ದು ಹೋಗಿ ಕನ್ನಡಿಯಲ್ಲಿ ಬಾಯಿ ತೆರೆದು ನೋಡಿದೆ. ಎಲ್ಲೂ ಇಲ್ಲ. ಕಣ್ಣೆದುರು ಕೈಯಲ್ಲಿ ಹಿಡಿದ ವಸ್ತು ಹೀಗೆ ಗುರುತಿಲ್ಲದೆ ಮಾಯವಾದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಮತ್ತ ನಿಮ್ಮತ್ತಿಗೆ ಫಾಯಿದಾ ಆಗೇತೇನು?" ಎಂದು ಕೇಳಿದೆ.

ಸೊಸೆಯ ಮುಖ ಇಳಿಯಿತು. "ಎಲ್ಲೀದ್ರೀ. ಮುಂಜಾನಿಂದ ನಾಕು ಸಲ ಆಗೇತಿ. ಹೋದ ಸಲಕಿಂತ ಜಾಸ್ತಿನೇ."

ಒಳಗೆ ಹೋಗಿ ಅಕ್ಕನ ಪಕ್ಕ ಕೂತೆ. ತುಟಿ ಒಡೆದಿದ್ದವು. ಕಣ್ಣು ಗುಳಿ ಬಿದ್ದಿದ್ದವು. ಆದರೆ ಆ ಮುಖದಲ್ಲಿ ಏನೋ ಒಂದು ಸಮಾಧಾನವಿತ್ತು. ಅದು ನನಗೆ ಅರ್ಥವಾಗಲಿಲ್ಲ. ವಾಂತಿ ಮಾಡಿ ಮಾಡಿ ಸುಸ್ತಾದವರ ಮುಖ ಹಾಗಿರುವುದಿಲ್ಲ. ದೂರದ ಮದುವೆಗೆ ಹೊರಟು, ಗಂಟು ಕಟ್ಟಿ ಮುಗಿಸಿ, ಗಾಡಿಗಾಗಿ ಕಾಯುತ್ತ ಕೂತವರ ಮುಖ ಹಾಗಿರುತ್ತದೆ.

ಅಕ್ಕನ ಪೂಜೆಯ ಬಗ್ಗೆ ಇಲ್ಲಿ ಹೇಳಬೇಕು. ನಾನೂ ಲಿಂಗ ಕಟ್ಟಿಕೊಂಡವಳೇ, ಆದರೆ ನನ್ನದು ಬಸ್ಸಿಗೆ ಹೊತ್ತಾದವರ ಪೂಜೆ. ಅಕ್ಕನದು ಹಾಗಲ್ಲ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಮೈತೊಳೆದು, ದೇವರ ಕೋಣೆಯ ಬಾಗಿಲು ಮುಂದೆ ಮಾಡಿ ಕೂತರೆ ಮನೆಯಲ್ಲಿ ಯಾರೂ ಆ ಕಡೆ ಹಾಯುವಂತಿಲ್ಲ. ಲಿಂಗಕ್ಕೆ ತೋರಿಸದೆ ಆಕೆ ಏನನ್ನೂ ಬಾಯಿಗೆ ಇಟ್ಟವಳಲ್ಲ. ಊಟ ಸರಿ, ಬಿಸಿಲಲ್ಲಿ ಬಂದು ಕುಡಿಯುವ ಮಜ್ಜಿಗೆಯೂ ಹಾಗೆಯೇ. ಆಸ್ಪತ್ರೆಯ ಮಂಚದ ಮೇಲೂ ಬಟ್ಟಲಲ್ಲಿ ನೀರು ತರಿಸಿಕೊಂಡು ಪೂಜೆ ಮಾಡಿದ್ದಳು. ಸಂಜೆ ಮುಂಜಾನೆಯ ಗುಳಿಗೆಗಳನ್ನೂ ಹಾಗೆಯೇ ಪೂಜೆಗೆ ಹೊಂದಿಸಿಕೊಂಡಿದ್ದಳು. ಈಗ ಈ ಹಾಳೆಯನ್ನೂ. ಸೊಸೆ ಪಾಕೀಟಿನ ಮೂಲೆ ಕತ್ತರಿಸಿ ದೇವರ ಮುಂದೆ ತಟ್ಟೆಯಲ್ಲಿ ಇಟ್ಟು ಬರುತ್ತಿದ್ದಳು. ಅಕ್ಕ ಪೂಜೆ ಮುಗಿಸಿ ಬರುವಾಗ ಖಾಲಿ ಪಾಕೀಟು ತಂದು ಕೊಡುತ್ತಿದ್ದಳು.

ಆ ಸಂಜೆಯೂ ಅಷ್ಟೇ. ಗೋಡೆ ಹಿಡಿದು ಒಳಗೆ ಹೋದಳು. ಅರ್ಧ ತಾಸಿನ ಮೇಲೆ ಬಂದು ಖಾಲಿ ಪಾಕೀಟನ್ನು ಸೊಸೆಯ ಕೈಗೆ ಇಟ್ಟು, ಹಣೆ ತುಂಬ ವಿಭೂತಿಯಲ್ಲಿ ನಮ್ಮಿಬ್ಬರನ್ನೂ ನೋಡಿ ಅಂದಳು:

"ನಾಕನೇದಕ್ಕ ನಾ ಹೋಗಂಗಿಲ್ಲ."

ಸೊಸೆ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ನಾನು ತಮಾಷೆ ಅಂದುಕೊಂಡೆ.

"ಯಾಕಬೇ, ದವಾಖಾನಿ ಚಹಾ ಸೇರಲಿಲ್ಲೇನು?"

"ಹುಕುಂ ಆಗೇತಿ."

"ಯಾರ ಹುಕುಂ? ಡಾಕ್ಟರ್ದೋ, ನಿನ್ನ ಮಗಂದೋ?"

ಅಕ್ಕ ಕುತ್ತಿಗೆಯಲ್ಲಿ ತೂಗುವ ಲಿಂಗದ ಬೆಳ್ಳಿ ಕರಡಿಗೆಯ ಮೇಲೆ ಕೈ ಇಟ್ಟಳು. "ಮೂರು ಸಲ ಕೇಳೀನಿ. ಮೂರು ಸಲನೂ ಹೇಳ್ಯಾನ. ಇನ್ನ ನೀವು ಯಾರೂ ನನಗ ಹೇಳಬ್ಯಾಡ್ರಿ." ಆಮೇಲೆ ವಾಂತಿ ಬಂದು ಬಚ್ಚಲಿನ ಕಡೆ ಹೋದಳು.

ಸೊಸೆ ಅಲ್ಲೇ ಕುಸಿದು ಕೂತು ಅಳತೊಡಗಿದಳು. ನನಗೆ ಅಳು ಬರಲಿಲ್ಲ. ಹಿಡಿದ ಯಾವ ಕೆಲಸವನ್ನೂ ನನ್ನ ಅಕ್ಕ ಅರ್ಧಕ್ಕೆ ಬಿಟ್ಟದ್ದಿಲ್ಲ. ಕೌದಿ ಹಿಡಿದರೆ ಕೊನೆಯ ಹೊಲಿಗೆ ಹಾಕಿಯೇ ಏಳುವವಳು. ಅಂಥವಳು ಮೂರರಲ್ಲಿ ನಿಂತು, ಅದೂ ನಗುಮುಖದಿಂದ, ಬರುವುದಿಲ್ಲ ಅನ್ನುತ್ತಿದ್ದಾಳೆ. ಯಾರು ಏನು ಹೇಳಿದರು ಆಕೆಗೆ? ಮಗ ಅಂಗಡಿಯಿಂದ ಓಡಿಬಂದು ಕೈಮುಗಿದ, ಸಿಟ್ಟಾದ, ಕೊನೆಗೆ ಹೊರಗೆ ಹೋಗಿ ನಿಂತ.

ನನ್ನ ಸಿಟ್ಟೆಲ್ಲ ಆ ಬಿಳಿ ಹಾಳೆಯ ಮೇಲೆ ತಿರುಗಿತು. ಅದು ವಾಂತಿ ನಿಲ್ಲಿಸಿದ್ದರೆ ಈ ಮಾತೇ ಬರುತ್ತಿರಲಿಲ್ಲ ಅನ್ನಿಸಿತು. ಮರುದಿನ ಮುಂಜಾನೆ ಖಾಲಿ ಪಾಕೀಟನ್ನು ಸೆರಗಿಗೆ ಗಂಟು ಹಾಕಿಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದೆ. ಕಂಡಕ್ಟರನಿಗೆ ಆಧಾರ್ ಕಾರ್ಡು ತೋರಿಸುವಾಗಲೂ ಬಯ್ಯುವ ಮಾತುಗಳನ್ನೇ ಜೋಡಿಸುತ್ತಿದ್ದೆ. ಸಂತೆಕಲ್ಲೂರಿನಲ್ಲಿ ಹತ್ತಿದ ಹೆಂಗಸೊಬ್ಬಳು ನನ್ನ ತುಟಿ ಅಲುಗುವುದು ನೋಡಿ, ಜಪ ಮಾಡುತ್ತಿದ್ದೇನೆ ಅಂದುಕೊಂಡು ಕೈಮುಗಿದಳು. ನಾನೂ ಮುಗಿದೆ.

ಔಷಧದ ಅಂಗಡಿಯಲ್ಲಿ ಜನ ಇದ್ದರು. ನಾನು ಪಾಕೀಟನ್ನು ಗಾಜಿನ ಮೇಲೆ ಇಟ್ಟು ಎಲ್ಲರಿಗೂ ಕೇಳುವಂತೆ ಕೇಳಿದೆ:

"ಏನಪಾ, ಔಷಧ ಮುಗದು ಕಾಗದ ಮಾರಾಕತ್ತೀಯೇನು?"

ಅಂಗಡಿಯವನು ಕನ್ನಡಕ ಮೇಲೇರಿಸಿ ನೋಡಿದ. ನಡುವಯಸ್ಸಿನವನು, ಸಮಾಧಾನದ ಮನುಷ್ಯ. "ಕೂಡ್ರಿ ಅಮ್ಮಾ ಮೊದಲ. ಏನಾಗೇತಿ?"

"ಏನೂ ಆಗಿಲ್ಲ, ಅದ ತಕರಾರು. ನಮ್ಮಕ್ಕ ಇದನ್ನ ತಗೊಂಡ್ರೂ ಕರುಳು ಹೊರಗ ಬರೂಹಂಗ ವಾಂತಿ ಮಾಡಾಕತ್ಯಾಳ."

"ಗುಳಿಗ್ಯಾಗ ಇದ್ದ ಔಷಧನೇ ಇದರಾಗೂ ಐತ್ರೀ. ಹಾಳಿ ಮಾಡ್ಯಾರ ಅಷ್ಟ. ನುಂಗಾಕ ಆಗದವರಿಗೆ, ನುಂಗಿದ್ದು ನಿಲ್ಲದವರಿಗೆ ಚಲೋ. ಒಂದೀಟರ ಕಡಿಮಿ ಆಗಬೇಕಿತ್ತು." ಅವನು ಪಾಕೀಟನ್ನು ತಿರುಗಿಸಿ ತಾರೀಖು ನೋಡಿದ, ಸರಿ ಇತ್ತು. "ಬಾಯಾಗ ಯಾರು ಹಾಕ್ತಾರ್ರೀ?"

"ಆಕೀನ ಹಾಕ್ಕೋತಾಳ."

"ನೀವು ಕಣ್ಣಿಲೆ ನೋಡೀರೇನು?"

ನಾನು ನೋಡಿರಲಿಲ್ಲ. ಸೊಸೆಯೂ ನೋಡಿರಲಿಲ್ಲ. ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ.

"ಕೈ ಒಣಾ ಇರ್ಬೇಕ್ರೀ ಅಮ್ಮಾ" ಅಂದ ಅವನು. "ಅದು ಎಲ್ಲಾಕಿಂತ ಮುಖ್ಯ. ಹಸಿ ಕೈ ಮುಟ್ಟಿದ್ರ ಬಾಯಿತನಕ ಬರೂದ ಇಲ್ಲ ಅದು. ಅದಕ್ಕ ನಾಲಿಗಿ ಯಾವ್ದು, ಅಂಗೈ ಯಾವ್ದು ಗೊತ್ತಾಗಂಗಿಲ್ಲ. ಹಸಿ ಸಿಕ್ಕಲ್ಲೇ ಕರಗಿಬಿಡ್ತೈತಿ."

ಹಸಿ ಕೈ. ಆ ಮಾತಿನಲ್ಲಿ ಏನೋ ಇದೆ ಅನ್ನಿಸಿತು. ಆದರೆ ಪೂರಾ ತಿಳಿಯಲಿಲ್ಲ. ತಿರುಗಿ ಬರುವ ಬಸ್ಸಿನಲ್ಲಿ, ಕಿಟಕಿಯಾಚೆ ಎರೆಹೊಲ ಓಡುತ್ತಿರಲು, ಅಕ್ಕನ ಪೂಜೆಯನ್ನು ಮೊದಲಿನಿಂದ ಒಂದೊಂದೇ ನೆನೆಯುತ್ತ ಕೂತೆ. ನೀರು, ನೀರು, ಎಲ್ಲ ಕಡೆ ನೀರು.

ಆ ಸಂಜೆ ನಾನು ಮಾಡಬಾರದ್ದನ್ನು ಮಾಡಿದೆ. ಅಕ್ಕ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದ ಮೇಲೆ, ಸದ್ದಾಗದಂತೆ ಬಳೆ ಮೇಲೇರಿಸಿಕೊಂಡು, ಬಾಗಿಲ ಸಂದಿಗೆ ಕಣ್ಣಿಟ್ಟು ನಿಂತೆ. ಸೊಸೆ ದೂರದಿಂದ ಬೇಡ ಬೇಡ ಎಂದು ಕೈಸನ್ನೆ ಮಾಡಿದಳು. ಸುಮ್ಮನಿರೆಂದು ನಾನೂ ಕೈಸನ್ನೆ ಮಾಡಿದೆ.

ದೀಪದ ಬೆಳಕಿನಲ್ಲಿ ಅಕ್ಕನ ಬೋಳು ತಲೆ ಸಣ್ಣ ಮಗುವಿನದರಂತೆ ಕಂಡಿತು. ಎಡಗೈಯ ಅಂಗೈಯಲ್ಲಿ ಲಿಂಗ. ಗಿಂಡಿಯಿಂದ ನೀರೆರೆದಳು, ಪತ್ರೆ ಏರಿಸಿದಳು, ತೀರ್ಥ ತಗೊಂಡಳು. ಆಮೇಲೆ ಅದೇ ಒದ್ದೆ ಬೆರಳುಗಳಿಂದ ತಟ್ಟೆಯಲ್ಲಿದ್ದ ಪಾಕೀಟಿನೊಳಗಿನ ಹಾಳೆಯನ್ನು ಎಳೆದು, ಅಂಗೈಯಲ್ಲಿ ಲಿಂಗದ ಮುಂದೆ ಇಟ್ಟಳು. ಗುಳಿಗೆಯನ್ನೂ ಹೀಗೇ ಇಡುತ್ತಿದ್ದಿರಬೇಕು. ಗುಳಿಗೆ ಗಟ್ಟಿ, ಪಾಪ, ನಿಂತಿರುತ್ತಿತ್ತು. ಅಕ್ಕ ಕಣ್ಣು ಮುಚ್ಚಿದಳು. ತುಟಿಗಳು ಮಂತ್ರ ಹೇಳತೊಡಗಿದವು.

ನಾನು ಹಾಳೆಯನ್ನೇ ನೋಡುತ್ತಿದ್ದೆ. ಅದರ ಅಂಚು ಸುರುಳಿಯಾಯಿತು. ಬಿಳುಪು ಹೋಗಿ ಗಾಜಿನಂತಾಯಿತು. ನಡುವೆ ಒಂದು ತೂತು ಬಿತ್ತು, ತೂತು ಅಗಲವಾಯಿತು. ಅಕ್ಕನ ಜಪ ಕಾಲುಭಾಗ ಮುಗಿಯುವುದರೊಳಗೆ ಅಂಗೈಯಲ್ಲಿ ಲಿಂಗವಿತ್ತು, ಪತ್ರೆಯಿತ್ತು, ಹಾಳೆ ಇರಲಿಲ್ಲ. ಕೂಗಬೇಕೆನಿಸಿತು. ಪೂಜೆಯಲ್ಲಿ ಕೂತವರನ್ನು ಹೇಗೆ ಕೂಗುವುದು?

ಅಕ್ಕ ಕಣ್ಣು ತೆರೆದು ಅಂಗೈ ನೋಡಿದಳು. ಆಕೆಗೆ ಏನೂ ಆಶ್ಚರ್ಯವಾಗಲಿಲ್ಲ. ಆ ಮುಖ ಬೆಳಗಿತು ಅನ್ನುವುದಕ್ಕೆ ನನಗೆ ಬೇರೆ ಮಾತು ಗೊತ್ತಿಲ್ಲ. ಲಿಂಗವನ್ನು ಕಣ್ಣಿಗೊತ್ತಿಕೊಂಡು ಮೆಲ್ಲಗೆ, "ಇವತ್ತೂ ನೀನ ತಗೊಂಡೆಲ್ಲಪಾ" ಅಂದಳು. ಆಮೇಲೆ ಅಂಗೈಯ ಅಂಟನ್ನು ಪೂಜೆಯ ಬಿಳಿ ಬಟ್ಟೆಯಿಂದ ಒರೆಸಿದಳು.

ಹೊಸ್ತಿಲಲ್ಲೇ ಕೂತುಬಿಟ್ಟೆ. ಹುಕುಂ ಅಂದರೆ ಇದು. ಮೂರನೆಯ ಸಲೈನ್ ಆದ ಸಂಜೆಯಿಂದ ಒಂದು ಹಾಳೆಯೂ ಆಕೆಯ ಬಾಯಿ ಮುಟ್ಟಿರಲಿಲ್ಲ. ಔಷಧವನ್ನು ದೇವರು ತಾನೇ ತೆಗೆದುಕೊಂಡ, ನಿನಗೆ ಇದು ಬೇಡ ಅಂದ, ಎಂದು ನನ್ನ ಅಕ್ಕ ತಿಳಿದಿದ್ದಳು.

ಮುಂದೆ ನಾನು ಮಾಡಿದ್ದಕ್ಕೆ ಈಗಲೂ ನನಗೇ ಬಯ್ದುಕೊಳ್ಳುತ್ತೇನೆ. ಮೊದಲು ನನಗೆ ನಗು ಬಂತು. ಗಾಬರಿ ಹೆಚ್ಚಾದರೆ ನನಗೆ ನಗುವೇ ಬರುವುದು, ಚಿಕ್ಕಂದಿನಿಂದ ಹಾಗೆಯೇ. ಗೂಢ ಬಗೆಹರಿಯಿತು, ಇನ್ನೇನು ಎಲ್ಲ ಸರಿಹೋಯಿತು ಅನ್ನುವ ಹುರುಪಿನಲ್ಲಿ ಅಕ್ಕನ ಕೈಹಿಡಿದು ಪಡಸಾಲೆಯಲ್ಲಿ ಕೂಡಿಸಿದೆ. ಒಂದು ತಂಬಿಗೆ ನೀರು ತಂದೆ. ಸೊಸೆಯಿಂದ ಒಂದು ಪಾಕೀಟು ಇಸಿದುಕೊಂಡೆ.

"ಇಲ್ಲಿ ನೋಡಬೇ. ಲಿಂಗ ಇಲ್ಲ, ಮಂತ್ರ ಇಲ್ಲ, ಬರೇ ನನ್ನ ಕೈ" ಎಂದು ಅಂಗೈ ಒದ್ದೆ ಮಾಡಿಕೊಂಡು ಹಾಳೆ ಇಟ್ಟೆ. ಸುರುಳಿಯಾಯಿತು, ಗಾಜಾಯಿತು, ಹೋಯಿತು. ಜಾದೂಗಾರನಂತೆ ಕೈ ಚಾಚಿ ತೋರಿಸಿದೆ. "ಎಲ್ಲಿ ಹೋತು? ಈಗ ಯಾವ ದೇವರು ತಗೊಂಡ ಹೇಳು? ನೀರಿಗಿ ಕರಗೂ ಮಾಲು ಇದು!"

ಅಕ್ಕ ನನ್ನ ಅಂಗೈಯನ್ನು ಹಿಡಿದು ಹತ್ತಿರ ಎಳೆದುಕೊಂಡಳು. ಬೆರಳಿನಿಂದ ಅಂಟನ್ನು ಮುಟ್ಟಿ ನೋಡಿದಳು. ಮೂಸಿ ನೋಡಿದಳು. ಅದೇ ಅಂಟು, ಅದೇ ವಾಸನೆ. ಆಕೆ ಕಿಸಕ್ಕೆಂದು ನಗುತ್ತಾಳೆ, 'ಎಂಥಾ ಹುಚ್ಚಿನಬೇ ನಾ' ಅನ್ನುತ್ತಾಳೆ ಎಂದು ಕಾದೆ.

ಅಕ್ಕನ ಮುಖದಿಂದ ಆ ಸಮಾಧಾನ ಇಳಿದು ಹೋಗುವುದನ್ನು ನೋಡಿದೆ. ಬಣ್ಣ ಇಳಿದ ಹಾಗೆ ಇಳಿಯಿತು.

"ಎಲ್ಲಾರೂ ಹೋಗು ಹೋಗು ಅಂದ್ರಿ" ಅಂದಳು. ದನಿ ಬಹಳ ಸಣ್ಣದಿತ್ತು. "ಮಗ ಹೋಗು ಅಂದ, ಸೊಸಿ ಹೋಗು ಅಂದ್ಲು, ಡಾಕ್ಟರು ಬಾ ಅಂದ, ನೀ ಫೋನ್ ಹಚ್ಚಿ ದಿನಾ ಹೋಗು ಅಂದಿ. ನನಗ ಸಾಕಾಗಿತ್ತು ಬೇ. ಸಾಕು ಅನ್ನಾಕ ಬಾಯಿ ಬರಲಿಲ್ಲ. ಅವ ಒಬ್ಬ ಸಾಕು ಅಂದ ಅಂದ್ಕೊಂಡೆ. ಸಾಕು ಬಾ, ಅಂದ ಅಂದ್ಕೊಂಡೆ. ಎರಡು ದಿನ ಹಗರಾಗಿದ್ದೆ. ಅದನ್ನೂ ಕಸಗೊಂಡೆಲ್ಲ."

ಚಾಚಿದ ನನ್ನ ಕೈ ಹಾಗೇ ಇತ್ತು. ಅಂಗೈ ಅಂಟಂಟಾಗಿತ್ತು. ನನ್ನ ಅಕ್ಕ ಸಾಯಲು ತಯಾರಾಗಿ, ಅದರಲ್ಲಿ ನೆಮ್ಮದಿಯಾಗಿ ಕೂತಿದ್ದಳು. ನಾನು ಜಾದೂಗಾರನ ಆಟ ಆಡಿ ತೋರಿಸಿದ್ದೆ. ಅಕ್ಕ ಎದ್ದು ಒಳಗೆ ಹೋದಳು. ಗೋಡೆಗೆ ಮುಖ ಮಾಡಿ ಮಲಗಿದಳು.

ಆಮೇಲೆ ಉಳಿದ ಹಾಳೆಗಳನ್ನು ಆಕೆ ಮುಟ್ಟಲಿಲ್ಲ. ಲಿಂಗಕ್ಕೂ ಇಡಲಿಲ್ಲ, ಬಾಯಿಗೂ ಇಡಲಿಲ್ಲ. ವಾಂತಿ ತಾನಾಗಿ ಸೋತು ನಿಂತಿತು. ಎರಡು ದಿನ ನಾನು ಅಲ್ಲೇ ಇದ್ದೆ. ಅಕ್ಕ ನನ್ನೊಡನೆ ಮಾತಾಡಲಿಲ್ಲ. ಹೊರಡುವಾಗ ಕಾಲುಮುಟ್ಟಿದರೆ ತಲೆಯ ಮೇಲೆ ಕೈ ಇಟ್ಟಳು, ಮುಖ ಬೇರೆ ಕಡೆ ಇತ್ತು.

ಸಿಂಧನೂರಿಗೆ ಬಂದ ಮೇಲೆ ದಿನಾ ಫೋನ್ ಮಾಡಿದೆ. ದಿನಾ ಸೊಸೆಯೇ ಎತ್ತಿ, "ಪೂಜ್ಯಾಗ ಅದಾರ್ರೀ ಸಣ್ಣತ್ತಿ" ಅನ್ನುತ್ತಿದ್ದಳು. ಮಟಮಟ ಮಧ್ಯಾಹ್ನವೂ ಪೂಜೆ! ನನಗೆ ತಿಳಿಯದೆ? ನಾಲ್ಕನೆಯ ಸಲೈನಿನ ತಾರೀಖು ಹತ್ತಿರ ಬರುತ್ತಿತ್ತು. ಹೋಗುತ್ತಾರಾ ಎಂದು ಕೇಳಿದರೆ ಸೊಸೆ, "ಕೇಳಾಕ ಧೈರ್ಯ ಇಲ್ರೀ" ಅಂದಳು. ಕೇಳಾಕ. ಆ ಮಾತು ನನ್ನನ್ನು ಹಿಡಿಯಿತು. ನಿಜ, ನಾವ್ಯಾರೂ ಕೇಳಿರಲಿಲ್ಲ. ಎಲ್ಲರೂ ಹೇಳಿದ್ದೆವು. ಆಕೆಗೆ ಬೇರೆ ದಾರಿ ಕಾಣದೆ ಒಂದು ಹಾಳೆ ಕರಗಿದ್ದನ್ನೇ ಹಿಡಿದುಕೊಂಡಿದ್ದಳು.

ಫೋನಿನಲ್ಲಿ ಬರೆಯುವುದನ್ನು ನಾನು ಕಲಿತದ್ದು ಆಗ. ಪಕ್ಕದ ಮನೆಯ ಕಾಲೇಜಿನ ಹುಡುಗಿ ಎರಡು ಸಂಜೆ ಕೂತು ಕಲಿಸಿದಳು. ಮೊದಲ ಸಂದೇಶ ಒತ್ತಲು ನನಗೆ ಅರ್ಧ ತಾಸು ಹಿಡಿಯಿತು. ಸೊಸೆಯ ಫೋನಿಗೆ ಕಳಿಸಿದೆ, ಅಕ್ಕನಿಗೇ ತೋರಿಸು, ಓದಿ ಹೇಳಬೇಡ ಎಂದು ಮೊದಲೇ ಎಚ್ಚರಿಸಿ.

'ಅಕ್ಕಾ, ನಿನಗ ಏನು ಬೇಕು ಅಂತ ನಾ ಒಂದು ಸಲನೂ ಕೇಳಲಿಲ್ಲ. ಈಗ ಕೇಳಾಕತ್ತೀನಿ. ನೀ ಸಾಕು ಅಂದ್ರ ನಿನ್ನ ಮಗನ ಕೂಡ ನಾ ಜಗಳಾಡ್ತೀನಿ. ಹೋಗ್ತೀನಿ ಅಂದ್ರ ನಾ ಸಂಗಾಟ ಬರ್ತೀನಿ. ನೀ ಏನಂತಿ?'

ಓದಿದ ಗುರುತು ಬಂತು. ಉತ್ತರ ಬರಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ.

ನಾಲ್ಕನೆಯ ಸಲೈನಿನ ದಿನ ಬಂತು. ಮುಂಜಾನೆಯ ಮೊದಲ ಬಸ್ಸಿಗೆ ಮಸ್ಕಿಗೆ ಹೋದೆ. ಮನೆಯ ಮುಂದೆ ಬಾಡಿಗೆ ಕಾರು ನಿಂತಿತ್ತು. ಅಕ್ಕನ ಮಗ ಅದಕ್ಕೆ ಆತು ನಿಂತಿದ್ದ. ನನ್ನನ್ನು ನೋಡಿ, "ಕರದೀನಿ ಚಿಗವ್ವಾ, ಖಾಲಿ ಹೋದ್ರ ಖಾಲಿ ಹೋಗ್ಲಿ" ಅಂದ. ಒಳಗೆ ದೇವರ ಕೋಣೆಯ ಬಾಗಿಲು ಮುಂದೆ ಮಾಡಿತ್ತು. ಈ ಸಲ ನಾನು ಇಣುಕಲಿಲ್ಲ. ಸೊಸೆ ಮತ್ತು ನಾನು ಪಡಸಾಲೆಯ ಕಂಬಕ್ಕೆ ಒಬ್ಬೊಬ್ಬರು ಒಂದೊಂದು ಬದಿ ಕೂತೆವು.

ಅಕ್ಕ ಹೊರಗೆ ಬಂದಳು. ಕೈಯಲ್ಲಿ ಪಾಕೀಟಿತ್ತು. ಮೂಲೆ ಕತ್ತರಿಸಿರಲಿಲ್ಲ.

"ಮುಚ್ಚಿದ್ದ ತೋರಿಸೀನಿ ಅವಗ" ಅಂದಳು, ನಮ್ಮಿಬ್ಬರಲ್ಲಿ ಯಾರಿಗೂ ಅಲ್ಲದೆ. "ಒಳಗೇನೈತಿ ಅಂತ ಅವಗ ಕಾಣಂಗಿಲ್ಲೇನು."

ಕಂಬದ ಹತ್ತಿರ ಕೂತು, ಎರಡೂ ಕೈಗಳನ್ನು ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿಕೊಂಡಳು, ಬೆರಳ ಸಂದಿ ಸಮೇತ. ಪಾಕೀಟು ಹರಿದು ಹಾಳೆಯನ್ನು ನಾಲಿಗೆಯ ಮೇಲೆ ಇಟ್ಟು ಬಾಯಿ ಮುಚ್ಚಿದಳು. ನಾವು ಉಸಿರು ಹಿಡಿದು ನೋಡುತ್ತಿದ್ದೆವು. ಅಕ್ಕನ ಹುಬ್ಬು ಮೇಲೆ ಹೋದವು. ಕೆನ್ನೆ ಒಳಗಿನಿಂದ ಆ ಕಡೆ ಈ ಕಡೆ ಅಲುಗಿತು. ಕಣ್ಣು ಅಗಲವಾದವು.

"ಅಯ್ಯಶಿವನ! ಎಲ್ಲಿ ಹೋತು ಬೇ ಇದು?"

ಮೂರು ವಾರದಲ್ಲಿ ನನಗೆ ಆಡಿದ ಮೊದಲ ಮಾತು.

ನಾನು ಧೈರ್ಯ ಮಾಡಿ ಕೇಳಿದೆ, "ಅಕ್ಕಾ, ಅವ ಏನಂದ?"

"ಅವ ಏನೂ ಅನ್ನಲಿಲ್ಲ. ಹೋಗು ಅನ್ನಲಿಲ್ಲ, ಬ್ಯಾಡ ಅನ್ನಲಿಲ್ಲ. ಎಷ್ಟು ಹೊತ್ತು ಕುಂತ್ರೂ ಸುಮ್ಮನ ಇದ್ದ." ಅಕ್ಕ ಸೆರಗು ತಲೆಯ ಮೇಲೆ ಎಳೆದುಕೊಂಡಳು. "ನೀ ಕೇಳಿದೆಲ್ಲ, ನಿನಗ ಹೇಳಾಕತ್ತೀನಿ. ಇದೊಂದು ಸಲ ಹೋಗ್ತೀನಿ. ಐದನೇದು ಆಗ ಕೇಳು, ಆಗ ಹೇಳ್ತೀನಿ. ಆರೂ ಒಮ್ಮೆಲೆ ನನ್ನ ತಲಿ ಮ್ಯಾಲ ಹೊರಿಸಬ್ಯಾಡ್ರಿ."

ಸೊಸೆ ಬಾಯಿ ತೆರೆದಳು. ಅಕ್ಕ ಕೈಯೆತ್ತಿದಳು, ಸೊಸೆ ಮುಚ್ಚಿದಳು.

ಹೀಗೆ ಆಕೆ ಕಾರು ಹತ್ತಿದಳು. ನಾನು ಹಾಗೇ ನಿಂತದ್ದನ್ನು ನೋಡಿ ಕಿಟಕಿಯಿಂದ ಕೂಗಿದಳು, "ಸಂಗಾಟ ಬರ್ತೀನಿ ಅಂತ ಬರದಿದ್ದಿ, ಏನು ನನ್ನ ಕಳಿಸಿ ನಿದ್ದಿ ಹೊಡಿಯೋಳು?" ಬದಲಿಸಲು ಒಂದು ಸೀರೆಯೂ ಇಲ್ಲದೆ ನಾನು ಹತ್ತಿದೆ.

ಹಾಳೆ ಮಂತ್ರದಂಡವಲ್ಲ. ಆ ಸಂಜೆ ಒಂದು ಸಲ ವಾಂತಿ ಆಯಿತು, ಮರುದಿನ ಹೊಟ್ಟೆ ತೊಳಸುತ್ತಿದೆ ಅಂದಳು. ಆದರೆ ಮಧ್ಯಾಹ್ನದ ಹೊತ್ತಿಗೆ ನುಚ್ಚು ಮಜ್ಜಿಗೆ ಕೇಳಿದಳು. ಹಿಂದಿನ ಮೂರು ಸಲ ಆ ದಿನ ಆಕೆ ನೀರು ಕಂಡರೂ ಮುಖ ತಿರುಗಿಸಿದ್ದಳು. ಸೊಸೆ ಓಡಿ ಹೋಗಿ ಕಲಸಿ ತಂದಳು. ಅಕ್ಕ ಬಟ್ಟಲನ್ನು ಲಿಂಗಕ್ಕೆ ತೋರಿಸಿ ಒಂದು ತುತ್ತು ಉಂಡಳು, ಇನ್ನೊಂದು ಉಂಡಳು. ಸೊಸೆಯೂ ನಾನೂ ಬಾಗಿಲಲ್ಲಿ ನಿಂತು ಆ ಗಂಟಲು ಇಳಿಯುವುದನ್ನೇ ನೋಡುತ್ತಿದ್ದೆವು.

"ನಾನೇನು ಬಯಲಾಟ ಆಡಾಕತ್ತೀನೇನು, ಇಬ್ಬರೂ ಹಿಂಗ ಕಣ್ಣು ಬಿಟ್ಟು ನಿಂತೀರಿ?" ಎಂದು ಬಯ್ದಳು.

ಅರ್ಧ ಬಟ್ಟಲು ಉಂಡಳು. ಅದು ಹೊಟ್ಟೆಯಲ್ಲೇ ನಿಂತಿತು.

ಐದನೆಯದಕ್ಕೆ ಇನ್ನೂ ಎರಡು ವಾರ ಇದೆ. ನಾನಿನ್ನೂ ಕೇಳಿಲ್ಲ.